ಮಗ್ಗ ಎತ್ತಲು ಇಬ್ಬರು ಬೇಕು

ಮೇ 6, ಮಂಗಳವಾರ

ಇವತ್ತೂ ಕಿಟಕಿ ತೆರೆಯಲಿಲ್ಲ. ಊಟ, ಮೊಬೈಲು, ನಿದ್ದೆ... ಮೊಂಟೆವಿಡಿಯೋಗೆ ಓಡಿ ಬಂದು ಏಳು ತಿಂಗಳು. ನನ್ನ ಗಂಡ ವಾಲ್ದೆಮಾರನಿಗೆ ಈ ವಿಳಾಸ ಗೊತ್ತಿಲ್ಲ. ಸಿಕ್ಕ ದಿನ ಕೊಲ್ಲುತ್ತೇನೆಂದು ಅಣ್ಣನ ಹತ್ತಿರ ಹೇಳಿ ಕಳಿಸಿದ್ದಾನೆ.

ಆನ್‌ಲೈನ್ ಹರಾಜಿನಲ್ಲಿ ಅಮ್ಮನ ಮಗ್ಗ ಕಂಡಿತು. ನಾನು ಅರ್ಧಕ್ಕೆ ಬಿಟ್ಟು ಬಂದ ಹೊದಿಕೆ ಇನ್ನೂ ಅದರಲ್ಲೇ ಇದೆ. ಮಾರುತ್ತಿರುವವನು ಅವನೇ.

ಮನೆ ಮಾಲಕಿ ಒಲ್ಗಾ ಅಮ್ಮ, "ನನ್ನ ಹೆಸರಲ್ಲಿ ಕೂಗು ಕಣೇ. ನಾನ್ಯಾರೋ, ಅವನ್ಯಾರೋ" ಎಂದರು. ಕೂಗಿದೆ. ನನಗೇ ಸಿಕ್ಕಿತು. ಖುಷಿಯಾಗಬೇಕಿತ್ತು. ಎದ್ದು ಬಾಗಿಲ ಚಿಲಕ ಮತ್ತೊಮ್ಮೆ ನೋಡಿ ಬಂದೆ.

ಮೇ 8, ಗುರುವಾರ

ಸೋಮವಾರದೊಳಗೆ ದುರಾಸ್ನೋ ಊರಿನ ಅವನ ಮನೆಯಿಂದಲೇ ಎತ್ತಿಸಬೇಕಂತೆ, ಇಲ್ಲದಿದ್ದರೆ ರದ್ದು. ಸಾಮಾನು ಸಾಗಿಸುವ ಎಡಿಸನ್‌ಗೆ ಒಲ್ಗಾ ಅಮ್ಮ ಫೋನು ಮಾಡಿದರು.

"ಇಬ್ಬರು ಬೇಕಪ್ಪ, ಭಾರ ಇದೆ."

"ಭಾವಮೈದ ಬರ್ತಾನೆ ಬಿಡಿ ತಾಯಿ. ನನ್ನ ಬೆನ್ನನ್ನ ಕೇಳಿದ್ರೆ ನಾಲ್ಕು ಜನ ಬೇಕು ಅನ್ನುತ್ತೆ."

ವಿಳಾಸ ಯಾರಿಗೂ ಹೇಳಬೇಡ ಎಂದು ಮೂರು ಸಲ ಹೇಳಿಸಿದೆ. ಬಾಯಿಗೆ ಬೀಗ ಹಾಕ್ಕೋತೀನಿ ಅಂದ. ಒಳ್ಳೆಯವನು.

ಮೇ 12, ಸೋಮವಾರ, ಬೆಳಿಗ್ಗೆ 11.40

ಒಲ್ಗಾ ಅಮ್ಮ ಮೊಬೈಲು ಮನೆಯಲ್ಲೇ ಬಿಟ್ಟು ಸಂತೆಗೆ ಹೋಗಿದ್ದರು. ಎಡಿಸನ್‌ನ ಧ್ವನಿ ಮೆಸೇಜು ಬಂದು ಎರಡು ಗಂಟೆಯಾಗಿದೆ. ಈಗ ಕೇಳಿದೆವು —

"ಭಾವಮೈದ ಕೈ ಕೊಟ್ಟ ತಾಯಿ. ಚಿಂತೆ ಬೇಡ, ಆ ಮನೆಯವರೇ ಜೊತೆಗೆ ಬರ್ತಿದಾರೆ. ಅವರೇ ಬಿಚ್ಚಿ ಲಾರಿಗೆ ಹೇರಿದ್ರು, ಅಲ್ಲಿ ಜೋಡ್ಸಿ ಕೊಟ್ಟೇ ಹೋಗ್ತಾರಂತೆ. ಒಂದು ಪೆಸೊನೂ ಬೇಡ ಅಂದ್ರು. ದಾರೀಲಿ ನನಗೆ ಮಾಟೆ ಕಷಾಯ ಬಗ್ಗಿಸಿ ಕೊಡ್ತಿರೋದೂ ಅವರೇ. ದೇವರಂಥ ಮನುಷ್ಯ."

ವಿಳಾಸ ಹೇಳಲಿಲ್ಲ ಪುಣ್ಯಾತ್ಮ. ವಾಲ್ದೆಮಾರನನ್ನೇ ಕರೆತರುತ್ತಿದ್ದಾನೆ.

ಎಡಿಸನ್ ಫೋನು ಎತ್ತುತ್ತಿಲ್ಲ. ಪೊಲೀಸರು ಬರ್ತೀವಿ ಅಂದರು. ಹೊರಗೆ ಓಡೋಣವೆಂದರೆ ಲಾರಿ ಆಗಲೇ ತಿರುವಿನಲ್ಲಿದೆ.

"ಅಟ್ಟಕ್ಕೆ ಹೋಗು. ಕೊಂಡವಳು ನಾನು, ನೇಯೋಳೂ ನಾನೇ. ಇಳಿಸಿ ಹೋಗ್ತಾನೆ ಅಷ್ಟೇ" ಎಂದರು ಒಲ್ಗಾ ಅಮ್ಮ.

12.30

ಅಟ್ಟದಲ್ಲಿ ಕೂತಿದ್ದೇನೆ. ಸುಮ್ಮನಿದ್ದರೆ ಕಿರುಚಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

"ಎಲ್ಲಿ ಇಡಲಿ ತಾಯಿ?" — ಬಂದ ಕೂಡಲೇ ಅವನು. ಎಷ್ಟು ಮೆತ್ತಗಿನ ದನಿ. ಹೊಡೆಯುವ ಮುಂಚೆ ಬರುವುದು ಇದೇ ದನಿ.

ಸುತ್ತಿಗೆ ಸದ್ದು ನಿಂತಿತು. ಲಾರಿ ಹೊರಟಿತು. ಎಡಿಸನ್ ಹೋದ. ಅವನು ಹೋಗಲಿಲ್ಲ.

"ಕೂತ್ಕೊಳಿ ತಾಯಿ. ಒಂದು ಸಾಲು ನೇಯ್ದು ತೋರ್ಸಿ. ಸರಿಯಾಗಿ ಜೋಡ್ಸಿದೀನೋ ಇಲ್ವೋ ನೋಡ್ಬೇಕಲ್ಲ."

"ಮೊಣಕಾಲು ನೋವಪ್ಪ. ನಾಳೆ ಕೂರ್ತೀನಿ."

"ಒಂದೇ ಸಾಲು."

ಒಲ್ಗಾ ಅಮ್ಮನಿಗೆ ಗುಂಡಿ ಹೊಲಿಯಲೂ ಬಾರದು.

ಮಗ್ಗ ಸದ್ದು ಮಾಡುತ್ತಿಲ್ಲ. ಪೊಲೀಸರೂ ಇಲ್ಲ. ಒಲ್ಗಾ ಅಮ್ಮ ಈಗ ಗಟ್ಟಿಯಾಗಿ, ನನಗೆ ಕೇಳಲೆಂದೇ — "ಮೇಲೆ ಯಾರೂ ಇಲ್ಲಪ್ಪ. ಹಳೇ ಸಾಮಾನು ಅಷ್ಟೇ."

ಅಟ್ಟಕ್ಕೆ ಹನ್ನೊಂದು ಮೆಟ್ಟಿಲು. ನಾಲ್ಕನೆಯದು ಕಿರುಗುಟ್ಟುತ್ತದೆ. ಈಗ ಅದು