ಮೂರನೆಯ ಚಮಚಕ್ಕೂ ನಾಲ್ಕನೆಯ ಚಮಚಕ್ಕೂ ನಡುವೆ

ಬ್ಯಾಡಗಿ,
ಇಸವಿ ಎರಡು ಸಾವಿರದ ಇನ್ನೂರಾ ಹದಿನಾಲ್ಕು,
ಎರಡನೆಯ ಬೇಸಿಗೆಯ ಹದಿಮೂರನೆಯ ದಿನ

ನನ್ನ ಅಜ್ಜಿಯ ಅಜ್ಜಿಯ ಅಜ್ಜಿಯಾದ ಫಕೀರವ್ವನವರಿಗೆ ಹುಲಿಗೆವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ, ತಪ್ಪು ಬರೆದಿಲ್ಲ. ನಮಗೀಗ ವರ್ಷಕ್ಕೆ ಎರಡು ಬೇಸಿಗೆ. ಮೊದಲನೆಯದು ನಿಮಗೆ ಗೊತ್ತಿರುವಂಥದ್ದೇ; ಎರಡನೆಯದು ಮಳೆ ಮುಗಿದ ಮೇಲೆ ಹೇಳದೆ ಕೇಳದೆ ಬಂದು ಕೂರುತ್ತದೆ. ಇನ್ನು ಮುಂದೆ ಬರುವ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು, ಆದಷ್ಟು ಬಿಡಿಸಿ ಹೇಳುತ್ತೇನೆ. ನನ್ನ ಲೆಕ್ಕದಂತೆ ನೀವಿನ್ನೂ ಇಪ್ಪತ್ತೇಳರ ಹೆಂಗಸು, ನಾನು ಎಪ್ಪತ್ತೊಂದರ ಮುದುಕಿ. ಆದರೂ ಹಿರಿಯರು ನೀವೇ.

ನಿಮ್ಮ ಬಗ್ಗೆ ನಮ್ಮ ಮನೆಯಲ್ಲಿ ಉಳಿದಿರುವುದು ಎರಡೇ. ಒಂದು, ಚುಕ್ಕಿ ಚುಕ್ಕಿಯಾಗಿ ನಿಮ್ಮ ಹೆಸರು ಹಾಕಿಸಿದ ತಾಮ್ರದ ತಂಬಿಗೆ. ಅದರ ಹೊಟ್ಟೆಯ ಮೇಲೆ ಹೆಬ್ಬೆರಳು ಕೂರುವಷ್ಟು ನೆಗ್ಗು. ಇನ್ನೊಂದು, ಆ ನೆಗ್ಗಿನ ಕಥೆ: ಯಾವುದೋ ಮದುವೆಯಲ್ಲಿ, ಊಟದ ಪಂಕ್ತಿಯಲ್ಲೇ, ನೀವು ಆ ತಂಬಿಗೆಯನ್ನು ಒಬ್ಬ ಗಂಡಸಿನ ಮೇಲೆ ಬೀಸಿ ಒಗೆದಿರಂತೆ. ಈಗಾಗಲೇ ಒಗೆದಿದ್ದೀರೋ, ಇನ್ನು ಒಗೆಯಬೇಕಿದೆಯೋ, ನನಗೆ ತಿಳಿಯದು. ಯಾರ ಮದುವೆ, ಯಾವ ಗಂಡಸು, ಏಕೆ ಎಂಬುದು ಯಾರಿಗೂ ನೆನಪಿಲ್ಲ. ಆದರೆ ನಮ್ಮಲ್ಲಿ ಹುಡುಗಿ ಸ್ವಲ್ಪ ದನಿ ಏರಿಸಿದರೆ ಸಾಕು, "ಬಂದ್ಲು ನೋಡ್ರಿ ಫಕೀರವ್ವ, ತಂಬಿಗಿ ಎತ್ತಿಡ್ರಿ" ಎನ್ನುತ್ತಾರೆ. ನನಗೆ ಅಂದಿದ್ದಾರೆ. ನಾನೂ ಅಂದಿದ್ದೇನೆ.

ನಮ್ಮ ದಿನ ಹೇಗೆಂದರೆ, ಬೆಳಗ್ಗೆ ಹತ್ತಕ್ಕೆ ಬೀದಿ ಖಾಲಿಯಾಗುತ್ತದೆ. ಹತ್ತರಿಂದ ಐದರವರೆಗೆ ಎಲ್ಲರೂ ತಂಪುಮನೆಯಲ್ಲಿ. ತಂಪುಮನೆ ಎಂದರೆ ನೆಲದಡಿ ತೋಡಿದ ಉದ್ದನೆಯ ಪಡಸಾಲೆ, ಓಣಿಗೊಂದು. ಹಿಂದೆ ಮೆಣಸಿನಕಾಯಿ ಚೀಲ ಒಟ್ಟುತ್ತಿದ್ದ ಗೋದಾಮುಗಳ ಕೆಳಗೇ ತೋಡಿದ್ದರಿಂದ ನಮ್ಮ ತಂಪುಮನೆಯಲ್ಲಿ ಹೊಸಬರು ಮೊದಲು ಸೀನುತ್ತಾರೆ, ಆಮೇಲೆ ಮಾತಾಡುತ್ತಾರೆ. ನೂರಾ ನಲವತ್ತು ಜನ, ಏಳು ತಾಸು, ಒಂದೇ ಸೂರು. ಒಬ್ಬರ ಕೈ ಇನ್ನೊಬ್ಬರ ಮೇಲೆ ಏಳದಂತೆ ಬದುಕುವುದು ಹೇಗೆ ಎಂಬುದು ಈ ಕಾಲದ ದೊಡ್ಡ ಪ್ರಶ್ನೆಯಾದದ್ದು ಹೀಗೆ. ಅದಕ್ಕೆಂದೇ ಊರಲ್ಲಿ ಕಲಹಕಾರಣ ಶೋಧನಾಲಯ ಬಂತು. ಊರವರ ಬಾಯಲ್ಲಿ ಅದು ಜಗಳದ ಸಾಲಿ. ಮೂವತ್ತು ವರ್ಷದಿಂದ ಅಲ್ಲಿನ ಅಡುಗೆಮನೆ ನನ್ನದು.

ಅಲ್ಲಿಯ ಪರೀಕ್ಷೆ ಬಲು ಸರಳ. ಹದಿನೆಂಟು ತುಂಬಿದವರನ್ನು ಕೂರಿಸಿ ಒಂದು ಪುಟ ಬರೆಸುತ್ತಾರೆ. ಎದುರಿಗೆ ಒಬ್ಬ ಕುಳಿತು ಆ ಬರಹವನ್ನು ಹೀಯಾಳಿಸುತ್ತಾನೆ. ಹೀಯಾಳಿಸುವುದೇ ಅವನ ನೌಕರಿ, ಬೈಯಬೇಕಾದ ಮಾತುಗಳ ಪಟ್ಟಿಯನ್ನೂ ಕೊಟ್ಟಿರುತ್ತಾರೆ. ಬಳಿಕ ಅವನ ತಾಟಿನಲ್ಲಿ ಒಣ ರೊಟ್ಟಿ ಇಟ್ಟು, "ಇವನಿಗೆ ಖಾರ ಆಗುವುದಿಲ್ಲ. ನಿಮಗೆ ತೋಚಿದಷ್ಟು ಬಡಿಸಿ" ಎಂದು ನಾನು ಅರೆದ ಕೆಂಪು ಮೆಣಸಿನಕಾಯಿ ರಂಜಕದ ಬೋಗುಣಿಯನ್ನು ಮುಂದಿಡುತ್ತಾರೆ. ಎಷ್ಟು ಚಮಚವೋ ಅಷ್ಟು ಕ್ರೌರ್ಯ. ಪಾಸಾದವರಿಗೆ ತಾಳ್ಮೆ ಚೀಟಿ. ಅದಿಲ್ಲದವರಿಗೆ ಮಕ್ಕಳ, ರೋಗಿಗಳ, ಊಟದ ಕೆಲಸ ಕೊಡುವುದಿಲ್ಲ.

ಮೊದಲ ವರ್ಷ ಎರಡು ಚಮಚ ದಾಟಿದವರೆಲ್ಲ ಫೇಲು ಎಂದಿಟ್ಟಿದ್ದರು. ಊರಿಗೆ ಊರೇ ಫೇಲಾಯಿತು! ಬ್ಯಾಡಗಿಯ ಜನ ನಾಡಿನಲ್ಲೇ ಅತಿ ಕ್ರೂರಿಗಳು ಎಂದು ವರದಿ ಸಿದ್ಧವಾಯಿತು. ಶೋಧನಾಲಯದ ದೊಡ್ಡ ಡಾಕ್ಟರು ದೂರದೂರಿನವರು, ಪಾಪ, ಅವರಿಗೇನು ಗೊತ್ತು. ಚಹಾ ಕೊಡುವ ನೆಪದಲ್ಲಿ ಒಳಗೆ ಹೋಗಿ ನಾನೇ ಹೇಳಿದೆ: "ಸಾಹೇಬ್ರ, ನಮ್ಮಾಗ ಒಣಾ ರೊಟ್ಟಿಗೆ ಬರೇ ಎರಡ ಚಮಚ ನೀಡಿದ್ರ ಅದs ಬೈಗಳ. ಬ್ಯಾಡ ಅಂತ ತಾಟಿಗೆ ಕೈ ಅಡ್ಡ ಹಿಡಿದ್ರೂ ಬೆರಳ ಸಂದ್ಯಾಗ ಇನ್ನೊಂದು ಹಾಕೋದು ಉಪಚಾರ." ಅವರು ಆ ವರದಿಯನ್ನು ರದ್ದಿಗೆ ಹಾಕಿದರು. ಮಿತಿ ನಾಲ್ಕಕ್ಕೆ ಏರಿತು.

ಅಂದಿನಿಂದ ನನಗೆ ಹುಚ್ಚು ಹಿಡಿಯಿತು. ರದ್ದಿಗೆ ಹಾಕಿದ ವರದಿಗಳನ್ನೆಲ್ಲ ತಂದು ಬೆರಳಿಟ್ಟು ಓದಿದೆ. ಸಾಲಿಗೆ ಹೋದವಳಲ್ಲ ನಾನು. ಎಣ್ಣೆ ಡಬ್ಬಿಯ ಮೇಲಿನ ಅಕ್ಷರ ಕೂಡಿಸಿ ಕಲಿತವಳು. ಸಿಟ್ಟು ರಕ್ತದಲ್ಲೇ ಇರುತ್ತದೆ ಎಂದು ಕೆಲವರು ಬರೆದಿದ್ದರು. ಹೊಡೆಯುವವರನ್ನು ನೋಡಿ ಮಕ್ಕಳು ಹೊಡೆಯಲು ಕಲಿಯುತ್ತವೆ ಎಂದು ಕೆಲವರು. ಬೇಕಾದದ್ದಕ್ಕೆ ಅಡ್ಡಿ ಬಂದರೆ ಎಂದು ಇನ್ನು ಕೆಲವರು. ಸೆಕೆ, ಹಸಿವು, ಅವಮಾನ ಎಂದು ಮತ್ತಷ್ಟು ಜನ. ಎಲ್ಲ ಓದಿ ನನಗೆ ಹೊಳೆದದ್ದು ಇಷ್ಟು: ಎಲ್ಲರೂ ನಿಜವನ್ನೇ ಹೇಳುತ್ತಿದ್ದಾರೆ, ಯಾರೂ ಅಡುಗೆಮನೆಗೆ ಬಂದಿಲ್ಲ.

ಈಗ ಕಾಗದದ ಮುಖ್ಯ ಸಂಗತಿ. ನನ್ನ ಮೊಮ್ಮಗಳು ನೀಲವ್ವನಿಗೆ ಈ ತಿಂಗಳು ಹದಿನೆಂಟು ತುಂಬಿತು. ಕೂಸಿನ ಮನೆಯಲ್ಲಿ, ಅಂದರೆ ಓಣಿಯ ಚಿಕ್ಕ ಮಕ್ಕಳನ್ನೆಲ್ಲ ಹಗಲು ನೋಡಿಕೊಳ್ಳುವಲ್ಲಿ, ಕೆಲಸ ಮಾಡಬೇಕೆಂಬುದು ಅವಳ ಆಸೆ. ತಂಪುಮನೆಯ ಅರ್ಧ ಕೂಸುಗಳು ಈಗಲೇ ಅವಳ ಬೆನ್ನ ಮೇಲಿರುತ್ತವೆ. ಅವಳು ಹಾಕಿದ್ದು ಏಳು ಚಮಚ. ಚೀಟಿ ಇಲ್ಲ. ಸಾಲದ್ದಕ್ಕೆ ಅರ್ಜಿಯಲ್ಲಿ 'ವಂಶದಲ್ಲಿ ಕೈ ಎತ್ತಿದವರು' ಎಂಬ ಕಡೆ ಅವಳ ತಾಯಿ, ನನ್ನ ಸೊಸೆ, ಸತ್ಯವಂತೆ, ನಿಮ್ಮ ತಂಬಿಗೆಯ ಸಂಗತಿ ಬರೆದುಬಿಟ್ಟಿದ್ದಾಳೆ. ರಕ್ತದಲ್ಲೇ ಬಂದಿದೆ ಎಂದು ಷರಾ ಬಿತ್ತು.

ನೀಲವ್ವ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ತಂಪುಮನೆಯ ಮೂಲೆಯಲ್ಲಿ ಅವಳ ತಲೆ ಬಾಚುತ್ತ ಕೇಳಿದೆ. ಬೈಯಲಿಲ್ಲ, ಬರೀ ತಿಳಿಯುವ ಆಸೆಯಿಂದ ಕೇಳಿದೆ.

"ಏಳೂ ಉಪಚಾರಕ್ಕ ಹಾಕಿದೇನs ಯವ್ವಾ?"

"ಇಲ್ಲಬೇ. ಮೊದಲ ಮೂರು ಉಪಚಾರಕ್ಕ. ಬೈದ್ರೂ ಒಣಾ ರೊಟ್ಟಿ ತಿನ್ನಾಂವಗ ಹೆಂಗ ಕಡಿಮಿ ನೀಡ್ಲಿ? ಕಡೇ ನಾಕು ಸಿಟ್ಟಿಗೆ."

"ನಡುವ ಏನಾತು?"

ಅವಳು ನನ್ನ ಕೈಯಿಂದ ಬಾಚಣಿಗೆ ಕಸಿದುಕೊಂಡು ಹೇಳಿದಳು: "ಒಂದು ತುತ್ತು ತಿಂದು ಅಂವ, 'ಯಾವ ಕೈಲಾಗದ ಮುದುಕಿ ಅರದಾಳ ಇದನ್ನ' ಅಂದ. ನನಗ ಬೈದಿದ್ರ ನಡೀತಿತ್ತು."

ಬೈಯುವ ನೌಕರಿಯ ಮಲೀಕಸಾಬ ನನಗೆ ಹೊಸಬನಲ್ಲ. ಇಡೀ ದಿನ ಬೈದು, ಸಂಜೆ ಅಡುಗೆಮನೆಗೆ ಬಂದು ಮಜ್ಜಿಗೆ ಕುಡಿದು, ಅಂದು ಬೈಸಿಕೊಂಡವರ ಹೆಸರು ಹೇಳಿ ಕ್ಷಮೆ ಕೇಳಿಯೇ ಮನೆಗೆ ಹೋಗುವ ಮನುಷ್ಯ. ಅವನನ್ನು ಹಿಡಿದು ಕೇಳಿದೆ. ಕಣ್ಣು ತುಂಬಿಕೊಂಡ. "ಆ ಮಾತು ಪಟ್ಟಿಯೊಳಗ ಇರಲಿಲ್ಲಬೇ. ಬಾಯಿ ಉರದು ಬಂತು. ಹದಿನಾರು ವರ್ಷ ನಿನ್ನ ರಂಜಕ ತಿಂದೇನಿ, ಅವತ್ತಿನಂಗ ಒಂದಿನಾನೂ ಸುಟ್ಟಿಲ್ಲ. ಏನ್ ಹಾಕಿದ್ದಿ ಅದಕ್ಕ?"

ಏನು ಹಾಕಿದ್ದೆನೆಂದು ನಿಮಗೆ ಹೇಳುತ್ತೇನೆ, ಇನ್ನೂ ಯಾರಿಗೂ ಹೇಳಿಲ್ಲ. ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕೆ ಜೋರು, ಖಾರಕ್ಕೆ ಸೌಮ್ಯ. ಅದು ನಿಮ್ಮ ಕಾಲದಲ್ಲೂ ಹಾಗೇ ಇರಬೇಕು. ಅಂದು ಬೆಳಗ್ಗೆ ದೊಡ್ಡ ಡಾಕ್ಟರು ಎಲ್ಲರ ಮುಂದೆ ಬೋಗುಣಿ ಎತ್ತಿ, "ಅಜ್ಜಿ, ಇದು ಬರೀ ಬಣ್ಣ. ಖಾರ ಎಲ್ಲಿದೆ?" ಎಂದು ನಕ್ಕರು. ಮೂವತ್ತು ವರ್ಷದ ನನ್ನ ಕೈಗೆ ಅಂದ ಮಾತು. ಸೆಕೆ ಬೇರೆ. ಗುಂಟೂರು ಕಾಯಿಯ ಡಬ್ಬಿ ತೆಗೆದು ಎರಡು ಹಿಡಿ ಒಗೆದು ಅರೆದೆ. ಯಾರು ತಿನ್ನುತ್ತಾರೆಂದು ಯೋಚಿಸಲಿಲ್ಲ. ಯಾವ ದಿನ ಯಾರ ಪರೀಕ್ಷೆ ಎಂದು ಅಡುಗೆಮನೆಗಾಗಲಿ ಮನೆಯವರಿಗಾಗಲಿ ಮೊದಲೇ ತಿಳಿಸುವುದಿಲ್ಲ. ಒಳಗೆ ಕುಳಿತವಳು ನನ್ನ ನೀಲವ್ವ.

ಡಾಕ್ಟರ ನಗು ನನ್ನ ಮುಷ್ಟಿಗೆ ಬಂತು, ನನ್ನ ಮುಷ್ಟಿ ಮಲೀಕಸಾಬನ ನಾಲಿಗೆಗೆ, ಅವನ ನಾಲಿಗೆಯಿಂದ ನೀಲವ್ವನ ಚಮಚಕ್ಕೆ. ಎಣಿಸಿದ್ದು ಚಮಚವನ್ನು ಮಾತ್ರ. ಡಾಕ್ಟರಿಗೂ ಅಂದು ಬೆಳಗ್ಗೆ ಯಾರು ಏನೆಂದಿದ್ದರೋ, ಕೇಳಬೇಕು ಎಂದುಕೊಂಡಿದ್ದೇನೆ.

ನಾಳೆ ನೀಲವ್ವನ ಪರೀಕ್ಷೆಯ ಮರುವಿಚಾರಣೆ. ಎರಡು ಹಿಡಿಯ ಸಂಗತಿ ಹೇಳಿಬಿಡುತ್ತೇನೆ. ಪರೀಕ್ಷೆಯ ಸಾಮಾನು ಕೆಡಿಸಿದವರ ತಾಳ್ಮೆ ಚೀಟಿ ಹೋಗುತ್ತದೆ. ಚೀಟಿ ಹೋದರೆ ಅಡುಗೆಮನೆಯೂ ಹೋಗುತ್ತದೆ. ಹೋಗಲಿ, ಅರೆದದ್ದು ಸಾಕು. ಆದರೆ ಚಮಚ ಎಣಿಸುವ ಮುನ್ನ 'ನಡುವೆ ಏನಾಯಿತು' ಎಂದು ಒಂದು ಮಾತು ಕೇಳುವ ರೂಢಿ ಹಾಕಿಕೊಳ್ಳಿ ಎಂದು ಅವರನ್ನು ಬೇಡಿಕೊಳ್ಳುತ್ತೇನೆ. ನೀಲವ್ವನಿಗೆ ಚೀಟಿ ಸಿಗುವುದೋ ಇಲ್ಲವೋ ಗೊತ್ತಿಲ್ಲ. ಅವಳ ನಾಲ್ಕು ಚಮಚ ಸಿಟ್ಟಿನವೇ, ಅದನ್ನೂ ಮುಚ್ಚಿಡುವುದಿಲ್ಲ ಎಂದು ಅವಳೇ ಹೇಳಿದ್ದಾಳೆ.

ಇನ್ನು ನಿಮ್ಮಲ್ಲಿ ಒಂದು ಕೋರಿಕೆ. ತಂಬಿಗೆ ಒಗೆಯಬೇಡಿ ಎನ್ನುವುದಿಲ್ಲ, ನಿಮ್ಮ ಪಂಕ್ತಿಯಲ್ಲಿ ಕುಳಿತವಳಲ್ಲ ನಾನು. ಒಗೆದದ್ದು ಆರು ತಲೆಮಾರು ಉಳಿಯಿತು, ಅದರ ಹಿಂದಿನ ಕ್ಷಣ ಒಂದು ತಲೆಮಾರೂ ಉಳಿಯಲಿಲ್ಲ. ಹಾಗಾಗಿ ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕುವವನ ಹತ್ತಿರ ಹೋಗಿ ತಂಬಿಗೆಯ ತಳಕ್ಕೆ ಇನ್ನೊಂದು ಸಾಲು ಹಾಕಿಸಿ: ಅವನು ಏನಂದ, ಯಾರಿಗೆ ಅಂದ. ಎರಡು ಮಾತು ಸಾಕು.

ಇಂದು ಬೆಳಗ್ಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ತಳ ಮೇಲೆ ಮಾಡಿ ನೋಡಿದೆ. ಏನೂ ಇರಲಿಲ್ಲ. ಕಾಗದ ಇನ್ನೂ ಮುಗಿದಿರಲಿಲ್ಲವಲ್ಲ, ನಿಮಗೆ ಹೇಗೆ ಮುಟ್ಟಬೇಕು? ನಾಳೆ ವಿಚಾರಣೆಗೆ ಹೊರಡುವ ಮೊದಲು ಇನ್ನೊಮ್ಮೆ ತಿಕ್ಕುತ್ತೇನೆ. ನೀಲವ್ವ ದೀಪ ಹಿಡಿಯುತ್ತೇನೆ ಎಂದಿದ್ದಾಳೆ.

ನಿಮ್ಮ ಮಗಳ ಮಕ್ಕಳ ಕಡೆಯ,
ಹುಲಿಗೆವ್ವ