ಮಾವ ಹೇಳುವ ಸಾವು

ಮಾರ್ಚ್ 12, ಗುರುವಾರ

ಬೆಳಿಗ್ಗೆ ಸೋದರಮಾವ ಕನ್ನಡಿಯ ಮುಂದೆ ನಿಂತು ಕಣ್ಣುಜ್ಜಿಕೊಂಡರು. ಸಾಕಷ್ಟು ಕೆಂಪಾಗಿವೆಯೇ ಎಂದು ನೋಡಿಕೊಂಡೇ ಹೊರಗೆ ಹೋದರು. ಮಾತಾಡಿಸಲು ಬಂದ ನೆಂಟರಿಗೆ ಅಮ್ಮನ ಸಾವನ್ನು ಮತ್ತೊಮ್ಮೆ ಹೇಳಿದರು.

"ನನ್ನ ತೊಡೆ ಮೇಲೆ ತಲೆ ಇಟ್ಟು, 'ಅಣ್ಣಾ, ಮಗಳು ಜೋಪಾನ' ಅಂದ್ಲು. ಒಂದ್ಸಲ ನಕ್ಕಳು. ಅಷ್ಟೇ, ಹೋಗ್ಬಿಟ್ಳು."

"ಪುಣ್ಯವಂತೆ ಬಿಡಿ," ಎಂದರು ಯಾರೋ.

ಹಾಗೆ ಸಾಯುವುದು ಹಳೆಯ ಕಪ್ಪು-ಬಿಳುಪು ಸಿನಿಮಾಗಳ ನಾಯಕಿಯರು. ಎರಡು ಕೆಮ್ಮು, ಕೆಡದ ಹೆರಳು, ಅಚ್ಚುಕಟ್ಟಾದ ಕೊನೆಯ ಮಾತು. ಅಮ್ಮನಿಗೆ ಕೊನೆಯ ವಾರ ಮಾತೇ ಇರಲಿಲ್ಲ. ಬಾಯಿತುಂಬ ಹುಣ್ಣು. ನಾನು ಹತ್ತಿಯಲ್ಲಿ ನೀರು ಅದ್ದಿ ತುಟಿಗೆ ಸವರುತ್ತಿದ್ದೆ. ಮಾವ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, "ಕಿಟಕಿನಾದ್ರೂ ತೆಗಿಯೇ, ಏನ್ ವಾಸನೆ!" ಎಂದು ಹೊರಟವರು, ಮತ್ತೆ ಬಂದದ್ದು ಹೆಣ ಎತ್ತುವ ಹೊತ್ತಿಗೆ. ಅಮ್ಮನಿಗೆ ಆ ಮಾತು ಕೇಳಿಸಿತ್ತು. ಕಣ್ಣು ಮುಚ್ಚಿಕೊಂಡಳು.

ಭಾನುವಾರ ಮಾವನ ಫಿಲಂ ಸೊಸೈಟಿಯಲ್ಲಿ ಹಳೆಯ ಚಿತ್ರಗಳ ಸಾವಿನ ದೃಶ್ಯಗಳ ಬಗ್ಗೆ ನಾನು ಮಾತಾಡಬೇಕಂತೆ. "ಎಂ.ಎ. ಮಾಡಿದ್ದೀಯ, ಒಂದ್ಸಲನಾದ್ರೂ ಬಾಯಿ ಬಿಡೇ ಮೂಗಿ," ಎಂದು ಎಲ್ಲರೆದುರು ನಕ್ಕರು. ನಾನು ಎಂದಿನಂತೆ ತಲೆ ತಗ್ಗಿಸಿದೆ. ಆದರೆ ಆಗಲೇ ನಿರ್ಧರಿಸಿಬಿಟ್ಟಿದ್ದೆ.

ಮೊದಲ ಸಾಲಿನಲ್ಲಿ ಅವರೇ ಕೂತಿರುತ್ತಾರೆ. ಸಿನಿಮಾದ ಸಾವುಗಳ ಜೊತೆ ಅಮ್ಮನದನ್ನೂ ಹೇಳುತ್ತೇನೆ, ಬಾಗಿಲಿನಿಂದಲೇ ತಿರುಗಿ ಹೋದವರು ಯಾರೆಂಬುದನ್ನೂ ಬಿಡದೆ. ದನಿ ನಡುಗಿದರೆ ನಡುಗಲಿ.