ನಿಮ್ಮತ್ತೆಯ ಮೂಳೆ ಗಟ್ಟಿಯಂತೆ

ಅಕ್ಕೂರು, ಭಾನುವಾರ

ಅಕ್ಕನ ಮಗಳು ಡಾಕ್ಟರ್ ಚೈತ್ರಾಗೆ ಬಸವಯ್ಯ ಮಾವನ ಆಶೀರ್ವಾದ. ಇಲ್ಲಿ ಎಲ್ಲ ಕ್ಷೇಮ, ನನ್ನ ಮರ್ಯಾದೆ ಒಂದನ್ನು ಬಿಟ್ಟು.

ನೀನು ಬಂದು ವಯಸ್ಸಾದವರ ಮೂಳೆ ಪರೀಕ್ಷೆ ಮಾಡಿದ್ದು ಸಂತೋಷ. ಮೂಳೆಯೊಳಗಿನ ಸುಣ್ಣ, ಸತು ಎಲ್ಲ ವಯಸ್ಸಾದಂಗೆ ಕಮ್ಮಿಯಾಗ್ತವೆ ಅಂದೆ, ಒಪ್ಪಿದೆ. ಆದರೆ ನನ್ನ ಮೂಳೆ ಟೊಳ್ಳು, ನಿಮ್ಮತ್ತೆ ಮೂಳೆ ಗಟ್ಟಿ ಅಂತ ಅವಳ ಮುಂದೇ ಯಾಕವ್ವ ಹೇಳಿದೆ? ಹರೆಯದಲ್ಲಿ ಗುಂಡುಕಲ್ಲು ಎತ್ತಿ ಎಸೆದವನು ನಾನು. ಮದುವೆಯಾದಾಗಿನಿಂದ ಬಾಡಿನ ಸಾರಿನ ನಲ್ಲಿಮೂಳೆಯೆಲ್ಲ ನನ್ನ ತಟ್ಟೆಗೇ ಬಿದ್ದಿದೆ. ಅವಳು ತಿಂದಿದ್ದು ಮುದ್ದೆ, ಸೊಪ್ಪು. ಮೂಳೆ ನೋಡೋ ನಿನ್ನ ಮಿಷನ್ನಿಗೆ ಹಿಮ್ಮಡಿ ಇಡುವಾಗ ನಮ್ಮಿಬ್ಬರ ಚೀಟಿ ಅದಲುಬದಲಾಗಿರಬೇಕು, ಒಸಿ ನೋಡು.

ಅವತ್ತಿಂದ ರೇಷ್ಮೆಹುಳದ ಸೊಪ್ಪಿನ ಹೊರೆ ಅವಳೇ ಹೊತ್ಕೊಂಡು ಬತ್ತಾಳೆ. ನಾನು ಮುಟ್ಟಿದರೆ, "ಸುಮ್ಕಿರಿ, ಸೊಂಟ ಮುರ್ಕೊಂಡ್ರೆ ಯಾರು ನೋಡ್ಕೊಳ್ಳೋರು?" ಅಂತಾಳೆ. ಹೊರೆ ಹೊತ್ತು ಅವಳು ಮುಂದೆ, ಕುಡುಗೋಲು ಹಿಡಿದು ನಾನು ಹಿಂದೆ. ಡೈರಿ ಹತ್ರ ನನ್ನ ಜೊತೆಗಾರ ಮುನಿಕೃಷ್ಣ, "ಏನ್ಲಾ ಬಸವ, ಹೆಂಡ್ತಿ ಕಾವಲಿಗೆ ಹೊಂಟ್ಯಾ?" ಅಂತಾನೆ. ಅವಳು ನಗ್ತಾಳೆ. ಆ ನಗು ಕಂಡರೆ ನಂಗೆ ಹೊಟ್ಟೆಕಿಚ್ಚು, ಸುಳ್ಳು ಯಾಕೆ ಹೇಳಲಿ.

ಮಾತ್ರೆ ನುಂಗ್ತೀನಿ, ಬಿಸಿಲಿಗೂ ಕೂರ್ತೀನಿ. ನೀನು ಮಾತ್ರ ನಾನು ಅರ್ಧ ಹೊರೆ ಹೊರಬಹುದು ಅಂತ ಅವಳಿಗೆ ಬರೆದು ಕಳಿಸು. ಅರ್ಧ ಆಗದಿದ್ದರೆ ಕಾಲು. ನನ್ನ ಮಾತು ಕೇಳಲ್ಲ, ನಿನ್ನ ಮಾತು ಕೇಳ್ತಾಳೆ.

ನಿನ್ನೆ ಹೊರೆ ಇಳಿಸಿದವಳು, ಯಾರೂ ನೋಡ್ತಿಲ್ಲ ಅಂತ ಗೋಡೆಗೆ ಒರಗಿ ಕತ್ತು ನೀವಿಕೊಂಡಳು. ನಾನು ನೋಡಿದೆ ಅಂತ ಹೇಳಬೇಡ.

ನಿನ್ನ ಮಾವ,
ಬಸವಯ್ಯ